ವಸಂತದಲ್ಲಿ ಮರಳುವ ಹಿತ್ತಿಲ ಹಕ್ಕಿಗಳ ಆಗಮನವನ್ನು ಹವಾಮಾನ ನೋಡಿ ಮುಂಚಿತವಾಗಿ ಹೇಳಬಹುದೇ?

ಪ್ರಶ್ನೆ – ಹಿತ್ತಿಲಕಣ್ಣು

ಎಲ್ಲರಿಗೂ ನಮಸ್ಕಾರ. ಚಳಿಗಾಲ ಮುಗಿಯುತ್ತಿದ್ದಂತೆ ಉತ್ತರ ಅಮೆರಿಕದ ನಮ್ಮ ಹಿತ್ತಿಲಿಗೆ ಮರಳಿ ಬರುವ ವಲಸೆ ಹಕ್ಕಿಗಳು ಮೊದಲು ಕಂಡ ದಿನಾಂಕಗಳನ್ನು ಕೆಲವು ವರ್ಷಗಳಿಂದ ಬರೆದಿಡುತ್ತಾ ಬಂದಿದ್ದೇನೆ. ಅಮೆರಿಕನ್ ರಾಬಿನ್, ಕೆಂಪುರೆಕ್ಕೆಯ ಬ್ಲ್ಯಾಕ್‌ಬರ್ಡ್, ಫೀಬಿ ಮುಂತಾದ ಹಕ್ಕಿಗಳ ದಿನಾಂಕ ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ಬಹಳ ಹಿಂದುಮುಂದಾಗುತ್ತದೆ. ಓರಿಯೋಲ್ ಮತ್ತು ಹಮ್ಮಿಂಗ್‌ಬರ್ಡ್‌ಗಳಾದರೋ, ಚಳಿ ಬೇಗ ಹೋಗಲಿ ತಡವಾಗಿ ಹೋಗಲಿ, ಹೆಚ್ಚುಕಡಿಮೆ ಅದೇ ವಾರದಲ್ಲಿ ಕಾಣಿಸಿಕೊಳ್ಳುತ್ತವೆ. ಹವಾಮಾನವೇ ಆಗಮನವನ್ನು ನಿರ್ಧರಿಸುವುದಾದರೆ ಎಲ್ಲ ಹಕ್ಕಿಗಳೂ ಒಟ್ಟಿಗೆ ಹಿಂದುಮುಂದಾಗಬೇಕಿತ್ತಲ್ಲವೇ?

ಹವಾಮಾನ ಮುನ್ಸೂಚನೆಯಲ್ಲಿ ಯಾವ ಅಂಶವನ್ನು ಗಮನಿಸಿದರೆ ಆಗಮನವನ್ನು ಊಹಿಸಬಹುದು, ಮತ್ತು ಎಷ್ಟು ದಿನ ಮುಂಚಿತವಾಗಿ ಊಹಿಸಬಹುದು ಎಂಬುದು ನನ್ನ ಪ್ರಶ್ನೆ. ದಿನದ ಸರಾಸರಿ ಉಷ್ಣತೆ 37 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ತಲುಪುವ ಗೆರೆಯ ಜೊತೆಜೊತೆಗೇ ರಾಬಿನ್‌ಗಳು ಉತ್ತರಕ್ಕೆ ಸರಿಯುತ್ತವೆ ಎಂಬ ಮಾತನ್ನು ಓದಿದ್ದೇನೆ. ಅದನ್ನು ನಂಬಬಹುದೇ?

ಉತ್ತರ – ಉತ್ತರಮುಖಿ

ನೀವು ಗಮನಿಸಿರುವ ವ್ಯತ್ಯಾಸದಲ್ಲೇ ಉತ್ತರದ ಅರ್ಧ ಭಾಗವಿದೆ. ವಲಸೆಗೆ ಹೊರಡುವ ಕಾಲವನ್ನು ಹಕ್ಕಿಯ ದೇಹಕ್ಕೆ ತಿಳಿಸುವುದು ಮುಖ್ಯವಾಗಿ ಹಗಲಿನ ಉದ್ದ. ಕೆನಡಾದ ಆಲ್ಬರ್ಟಾದಲ್ಲಿ ಜೀವವಿಜ್ಞಾನಿ ವಿಲಿಯಂ ರೋವನ್ ಅವರು 1920ರ ದಶಕದಲ್ಲಿ ಜಂಕೋ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಪಂಜರದಲ್ಲಿಟ್ಟು, ವಿದ್ಯುದ್ದೀಪದಿಂದ ಅವುಗಳ ಹಗಲನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಹೋದರು. ಹೊರಗೆ ಹಿಮವಿದ್ದರೂ ಆ ಹಕ್ಕಿಗಳ ಸಂತಾನಾಂಗಗಳು ವಸಂತದಲ್ಲಿ ಬೆಳೆಯುವಂತೆಯೇ ಬೆಳೆದವು. ಶೀತವಾಗಲಿ ಬಿಸಿಲಾಗಲಿ ಆ ಒಳಗಡಿಯಾರವನ್ನು ಅಷ್ಟು ಸುಲಭವಾಗಿ ಅಲುಗಾಡಿಸುವುದಿಲ್ಲ.

ಈಗ ನಿಮ್ಮ ಎರಡು ಗುಂಪುಗಳನ್ನು ನೋಡೋಣ. ಬ್ಲ್ಯಾಕ್‌ಬರ್ಡ್, ಫೀಬಿ, ರಾಬಿನ್‌ಗಳು ಚಳಿಗಾಲವನ್ನು ಕಳೆಯುವುದು ಬಹುಮಟ್ಟಿಗೆ ಅದೇ ಖಂಡದ ದಕ್ಷಿಣ ಭಾಗದಲ್ಲಿ. ಅವು ಇರುವ ಜಾಗದ ಹವೆಗೂ ನಿಮ್ಮ ಹಿತ್ತಿಲಿನ ಹವೆಗೂ ಸಂಬಂಧವಿರುವುದರಿಂದ, ಅಲ್ಲಿ ಚಳಿ ಸಡಿಲವಾದಾಗ ಮುಂದಕ್ಕೆ ಸಾಗಿ, ಮತ್ತೆ ಹಿಮ ಬಿದ್ದರೆ ಒಂದಿಷ್ಟು ಹಿಂದೆ ಸರಿಯುವುದೂ ಅವುಗಳಿಗೆ ಸಾಧ್ಯ. ಮಧ್ಯ ಅಮೆರಿಕದಲ್ಲಿ ಚಳಿಗಾಲ ಕಳೆಯುವ ಓರಿಯೋಲ್‌ಗೆ ಸಾವಿರಾರು ಕಿಲೋಮೀಟರ್ ಉತ್ತರದಲ್ಲಿ ಮೊಗ್ಗು ಬೇಗ ಒಡೆದಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಅದು ಹಗಲಿನ ಉದ್ದವನ್ನು ನಂಬಿ ಹೊರಡುತ್ತದೆ. ಹವಾಮಾನ ಅದನ್ನು ದಾರಿಯಲ್ಲಿ ತಡೆಯಬಹುದು ಅಥವಾ ದೂಡಬಹುದು, ಅಷ್ಟೇ. ಇದರ ಕಷ್ಟ ಯೂರೋಪಿನಲ್ಲಿ ಚೆನ್ನಾಗಿ ದಾಖಲಾಗಿದೆ. ಆಫ್ರಿಕದಿಂದ ನೆದರ್‌ಲೆಂಡ್ಸ್‌ಗೆ ಮರಳುವ ಪೈಡ್ ಫ್ಲೈಕ್ಯಾಚರ್ ಎಂಬ ನೊಣಹಿಡುಕ ಹಕ್ಕಿ ತನ್ನ ಆಗಮನವನ್ನು ಬೇಗಗೊಳಿಸಿಕೊಳ್ಳದಿದ್ದರೂ, ಮರಿಗಳಿಗೆ ಬೇಕಾದ ಕಂಬಳಿಹುಳುಗಳು ಹೇರಳವಾಗುವ ದಿನಗಳು ವಸಂತದ ಬಿಸಿಯಿಂದ ಬೇಗ ಬರತೊಡಗಿದ್ದವು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ರಾಬಿನ್ ಮತ್ತು 37 ಡಿಗ್ರಿಯ ಮಾತು ಹಳೆಯದು, ಪೂರ್ತಿ ಸುಳ್ಳಲ್ಲ. ನೆಲ ಕರಗಿ ಎರೆಹುಳು ಮೇಲೆ ಬರುವುದಕ್ಕೂ ಆ ಉಷ್ಣತೆಗೂ ನಂಟಿದೆ. ಆದರೆ ಹಿಮದ ಹೊದಿಕೆಯನ್ನು ಮರೆಯಬಾರದು. ಆಲ್ಬರ್ಟಾದ ಸ್ಲೇವ್ ಲೇಕ್ ಬಳಿ ರಾಬಿನ್‌ಗಳಿಗೆ ಜಿಪಿಎಸ್ ಕಟ್ಟಿ ನಡೆಸಿದ, 2020ರಲ್ಲಿ ಹೊರಬಂದ ಸಂಶೋಧನೆಯ ಪ್ರಕಾರ ಅಲ್ಲಿನ ರಾಬಿನ್ ವಲಸೆ 1994ಕ್ಕೆ ಹೋಲಿಸಿದರೆ ಸುಮಾರು 12 ದಿನ ಮುಂಚಿತವಾಗಿದೆ, ಮತ್ತು ಚಳಿಗಾಲ ಬೆಚ್ಚಗೂ ಒಣಗಿಯೂ ಇದ್ದ ವರ್ಷಗಳಲ್ಲಿ ಹಕ್ಕಿಗಳು ಬೇಗ ಬರುತ್ತವೆ. ಬರಿಯ ಉಷ್ಣತಾಮಾಪಕ ಹಿಡಿದು ಕುಳಿತರೆ ಅರ್ಧ ಸಂಗತಿಯಷ್ಟೇ ಸಿಗುತ್ತದೆ.

ಉತ್ತರ – ಒತ್ತಡರೇಖೆ

ಉತ್ತರಮುಖಿಯವರು ಋತುವಿನ ಲೆಕ್ಕ ಹೇಳಿದ್ದಾರೆ. ನಾನು ರಾತ್ರಿಯ ಲೆಕ್ಕ ಹೇಳುತ್ತೇನೆ, ಏಕೆಂದರೆ ನಿಮ್ಮ ಹಿತ್ತಿಲಿಗೆ ಹಕ್ಕಿ ಮಂಗಳವಾರ ಬರುತ್ತದೋ ಶುಕ್ರವಾರ ಬರುತ್ತದೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಸ್ವಾಲೋಗಳಂತೆ ಹಾರುತ್ತಲೇ ಕೀಟ ಹಿಡಿಯುವ ಹಕ್ಕಿಗಳನ್ನು ಬಿಟ್ಟರೆ, ಸಣ್ಣ ಹಾಡುಹಕ್ಕಿಗಳಲ್ಲಿ ಬಹುಪಾಲು ರಾತ್ರಿ ಪ್ರಯಾಣಿಕರು. ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಅವು ಮೇಲೇರುತ್ತವೆ. ಆ ಹೊತ್ತಿಗೆ, ನಿಮ್ಮ ಮನೆಯ ಮೇಲಲ್ಲ, ಅವು ಕುಳಿತಿರುವ ಊರಿನ ಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೇ ಮುಖ್ಯ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿಗೆ ಬೆನ್ನ ಹಿಂದಿನಿಂದ 30 ಕಿಲೋಮೀಟರ್ ಗಾಳಿ ಸಿಕ್ಕರೆ ನೆಲದ ಮೇಲಿನ ವೇಗ 70 ಆಗುತ್ತದೆ. ಅದೇ ಗಾಳಿ ಎದುರಾದರೆ ಉಳಿಯುವುದು 10. ಕೊಬ್ಬನ್ನು ಉರಿಸಿ ಹಾರುವ ಪ್ರಾಣಿ ಎರಡನೆಯ ಪರಿಸ್ಥಿತಿಯಲ್ಲಿ ಕೊಂಬೆ ಬಿಟ್ಟು ಏಳುವುದಿಲ್ಲ.

ಹವಾಮಾನ ನಕ್ಷೆಯಲ್ಲಿ ಇದನ್ನು ಓದುವುದು ಕಷ್ಟವಲ್ಲ. ಉತ್ತರ ಗೋಳಾರ್ಧದಲ್ಲಿ ಅಧಿಕ ಒತ್ತಡದ ಕೇಂದ್ರದ ಸುತ್ತ ಗಾಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಕಡಿಮೆ ಒತ್ತಡದ ಕೇಂದ್ರದ ಸುತ್ತ ಅದಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಆದ್ದರಿಂದ ಅಧಿಕ ಒತ್ತಡ ನಿಮ್ಮ ಪೂರ್ವಕ್ಕೆ ಸರಿದು, ಪಶ್ಚಿಮದಿಂದ ಕಡಿಮೆ ಒತ್ತಡ ಸಮೀಪಿಸುತ್ತಿರುವಾಗ ನಡುವಿನ ಪಟ್ಟಿಯಲ್ಲಿ ದಕ್ಷಿಣದ ಬೆಚ್ಚನೆಯ ಗಾಳಿ ಸುರಂಗದಲ್ಲಿ ನುಗ್ಗಿದಂತೆ ನುಗ್ಗುತ್ತದೆ. ವಲಸೆಯ ದೊಡ್ಡ ರಾತ್ರಿಗಳು ಬರುವುದು ಇಂಥ ಸಂದರ್ಭದಲ್ಲೇ. ಕಡಿಮೆ ಒತ್ತಡದ ಹಿಂದೆ ಬರುವ ಶೀತ ವಾಯುಮುಖ, ಅಂದರೆ ತಣ್ಣನೆಯ ಗಾಳಿಯ ಮುಂಚೂಣಿ, ದಾಟಿದ ಕೂಡಲೇ ಗಾಳಿ ಉತ್ತರದಿಂದ ಬೀಸತೊಡಗುತ್ತದೆ, ಪ್ರಯಾಣ ನಿಲ್ಲುತ್ತದೆ, ಎರಡು ಮೂರು ದಿನ ಏನೂ ಬರುವುದಿಲ್ಲ. ನಂತರ ಚಕ್ರ ಮತ್ತೆ ಶುರು.

ಇದು ಬರಿಯ ಅನುಭವದ ಮಾತಲ್ಲ. ಅಮೆರಿಕದ 143 ಹವಾಮಾನ ರೇಡಾರ್‌ಗಳು ಮಳೆಯನ್ನಷ್ಟೇ ಅಲ್ಲದೆ ರಾತ್ರಿಯ ಹಕ್ಕಿಗಳನ್ನೂ ಕಾಣುತ್ತವೆ. ಅವುಗಳ 23 ವಸಂತಗಳ ದಾಖಲೆಯನ್ನು ಹವಾಮಾನದೊಂದಿಗೆ ಹೊಂದಿಸಿದ ಮಾದರಿಯೊಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಲಸೆಯ ತೀವ್ರತೆಯ ಏರಿಳಿತದಲ್ಲಿ ಸುಮಾರು ಶೇಕಡಾ 80ರಷ್ಟನ್ನು ಅದು ವಿವರಿಸಿತು. ಒಂದರಿಂದ ಏಳು ದಿನ ಮುಂಚಿತವಾಗಿ ಹೇಳಿದಾಗಲೂ ಶೇಕಡಾ 62ರಿಂದ 76ರಷ್ಟು ಹಿಡಿತ ಉಳಿಯಿತು. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಸಹಯೋಗದ ಬರ್ಡ್‌ಕಾಸ್ಟ್ ಎಂಬ ಹಕ್ಕಿ ವಲಸೆಯ ಮುನ್ಸೂಚನೆಗೆ ಇದೇ ಆಧಾರ. ಆ ಮಾದರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಸಿಕ್ಕಿದ್ದು ಉಷ್ಣತೆಗೆ, ಗಾಳಿಗಲ್ಲ ಎಂದು ನೀವು ಆಕ್ಷೇಪಿಸಬಹುದು. ನನ್ನ ದೃಷ್ಟಿಯಲ್ಲಿ ಅದು ವಿರೋಧವಲ್ಲ: ವಸಂತದ ಬೆಚ್ಚನೆಯ ರಾತ್ರಿ ಎಂದರೆ ಬಹುತೇಕ ದಕ್ಷಿಣದ ಗಾಳಿ ತಂದ ರಾತ್ರಿಯೇ. ಉಷ್ಣತೆಯೊಂದೇ ಸಂಖ್ಯೆಯೊಳಗೆ ಗಾಳಿಯ ದಿಕ್ಕು, ಋತುವಿನ ಮುನ್ನಡೆ, ಕೀಟಗಳ ಲಭ್ಯತೆ ಎಲ್ಲವೂ ಸೇರಿಕೊಂಡಿರುತ್ತವೆ.

ಮರುಪ್ರಶ್ನೆ – ಹಿತ್ತಿಲಕಣ್ಣು

ಇಬ್ಬರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಒತ್ತಡರೇಖೆಯವರು ವಿವರಿಸಿದಂಥ ಬೆಚ್ಚನೆಯ, ದಕ್ಷಿಣದ ಗಾಳಿಯ ರಾತ್ರಿಗಳು ಬಂದುಹೋದ ಮೇಲೂ ಕೆಲವೊಮ್ಮೆ ಮರುದಿನ ಹಿತ್ತಿಲಿನಲ್ಲಿ ಒಂದೂ ಹೊಸ ಹಕ್ಕಿ ಕಾಣುವುದಿಲ್ಲ. ಮತ್ತೆ ಕೆಲವೊಮ್ಮೆ ಮಳೆ ಸುರಿದ ಬೆಳಗ್ಗೆ ಮರಗಳ ತುಂಬ ಹಕ್ಕಿಗಳಿರುತ್ತವೆ. ಇದು ನೀವು ಹೇಳಿದ್ದಕ್ಕೆ ನೇರ ವಿರುದ್ಧವಲ್ಲವೇ? ಮತ್ತು ನನ್ನ ಬಳಿಯಿರುವ ದಿನಾಂಕಗಳನ್ನು ಬಳಸಿ ನಾನೇ ಒಂದು ಊಹೆಯ ಕ್ರಮವನ್ನು ಕಟ್ಟಿಕೊಳ್ಳಬಹುದೇ?

ಉತ್ತರ – ಒತ್ತಡರೇಖೆ

ವಿರುದ್ಧವಲ್ಲ. ಮೇಲೆ ಹಾದುಹೋಗುವುದು ಬೇರೆ, ಕೆಳಗಿಳಿಯುವುದು ಬೇರೆ. ಅನುಕೂಲದ ಗಾಳಿ ಇಡೀ ರಾತ್ರಿ ಬೀಸಿದರೆ ಹಕ್ಕಿಗಳು ನಿಮ್ಮ ತಲೆಯ ಮೇಲಿಂದಲೇ ದಾಟಿ, ಬೆಳಗಾಗುವ ಹೊತ್ತಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಮುಂದೆ ಇಳಿದಿರುತ್ತವೆ. ಮುಸ್ಸಂಜೆಯಲ್ಲಿ ದಕ್ಷಿಣದಲ್ಲಿ ಒಳ್ಳೆಯ ಗಾಳಿಯಿದ್ದು, ನಡುರಾತ್ರಿಯ ನಂತರ ನಿಮ್ಮ ಮೇಲೆ ಮಳೆಯ ಪಟ್ಟಿ ಅಥವಾ ವಾಯುಮುಖ ಅಡ್ಡಬಂದರೆ, ಹೊರಟಿದ್ದ ಹಕ್ಕಿಗಳೆಲ್ಲ ಸಿಕ್ಕಲ್ಲಿ ಇಳಿಯುತ್ತವೆ. ಮೆಕ್ಸಿಕೋ ಕೊಲ್ಲಿಯನ್ನು ದಾಟಿ ಬರುವ ಹಕ್ಕಿಗಳಿಗೆ ಉತ್ತರ ತೀರದಲ್ಲಿ ಮಳೆ, ಎದುರುಗಾಳಿ ಸಿಕ್ಕಾಗ ದಡದ ಮೊದಲ ಮರಗಳಲ್ಲೇ ಅವು ಕಿಕ್ಕಿರಿಯುವುದು ಇದೇ ಕಾರಣಕ್ಕೆ. ಹಾಗಾಗಿ ಮುನ್ಸೂಚನೆಯನ್ನು ಎರಡು ಜಾಗಗಳಿಗೆ ನೋಡಿ: ಸಂಜೆಯ ಗಾಳಿಯನ್ನು ದಕ್ಷಿಣದ ಊರಿಗೆ, ಬೆಳಗಿನ ಜಾವದ ಮಳೆಯನ್ನು ನಿಮ್ಮ ಊರಿಗೆ.

ಉತ್ತರ – ಸರಾಸರಿಯಾಚೆ

ಕ್ರಮ ಕಟ್ಟುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೊದಲಿಗೆ, ‘ಮೊದಲು ಕಂಡ ದಿನ’ ಎಂಬ ಅಳತೆಯೇ ದುರ್ಬಲ. ಅದು ಹಕ್ಕಿಯ ಬಗ್ಗೆ ಹೇಳುವಷ್ಟೇ ನೋಡುವವರ ಬಗ್ಗೆಯೂ ಹೇಳುತ್ತದೆ. ರಜಾದಿನಗಳಲ್ಲಿ ಹೆಚ್ಚು ಹೊತ್ತು ನೋಡುವವರಿಗೆ ಮೊದಲ ಹಕ್ಕಿಗಳು ರಜಾದಿನಗಳಲ್ಲೇ ಬರುತ್ತವೆ. ಒಂದು ಜಾತಿಯ ಸಂಖ್ಯೆ ಇಳಿದರೆ, ಆಗಮನ ಬದಲಾಗದಿದ್ದರೂ ಮೊದಲ ದರ್ಶನ ತಡವಾಗುತ್ತದೆ. ರಾಬಿನ್ ವಿಷಯದಲ್ಲಂತೂ ಇನ್ನೊಂದು ತೊಡಕಿದೆ: ಕೆಲವು ಚಳಿಗಾಲವಿಡೀ ಹಣ್ಣು ತಿಂದುಕೊಂಡು ಪೊದೆಗಳಲ್ಲೇ ಉಳಿಯುವುದರಿಂದ, ನಿಮ್ಮ ಮೊದಲ ರಾಬಿನ್ ಎಲ್ಲಿಂದಲೂ ಬಂದಿರದೇ ಇರಬಹುದು. 37 ಡಿಗ್ರಿಯ ಸೂತ್ರದ ಬಗ್ಗೆ ಉತ್ತರಮುಖಿಯವರಿಗಿಂತ ನನಗೆ ಕಡಿಮೆ ನಂಬಿಕೆ ಇರುವುದು ಇದರಿಂದಲೇ.

ಈ ದೌರ್ಬಲ್ಯ ಹಳೆಯದು. ಅಮೆರಿಕದ ಪಕ್ಷಿತಜ್ಞ ವೆಲ್ಸ್ ಕುಕ್ ಅವರು 1880ರ ದಶಕದ ಆರಂಭದಲ್ಲಿ ಮಿಸಿಸಿಪ್ಪಿ ಕಣಿವೆಯ ವೀಕ್ಷಕರಿಂದ ಆಗಮನದ ದಿನಾಂಕಗಳನ್ನು ತರಿಸಿಕೊಳ್ಳಲು ಶುರುಮಾಡಿದ ಕೆಲಸ 1970ರವರೆಗೂ ನಡೆದು, ಸುಮಾರು 60 ಲಕ್ಷ ಕಾರ್ಡುಗಳು ಕೂಡಿದವು. ಅಮೂಲ್ಯವಾದ ರಾಶಿಯೇ ಸರಿ, ಆದರೆ ಹಕ್ಕಿಯನ್ನು ಹುಡುಕಿಯೂ ಕಾಣದ ದಿನಗಳು ಅವುಗಳಲ್ಲಿ ಸಾಮಾನ್ಯವಾಗಿ ಇಲ್ಲ. 2002ರಲ್ಲಿ ಆರಂಭವಾದ, ಪಕ್ಷಿವೀಕ್ಷಕರು ತಮ್ಮ ಪಟ್ಟಿಗಳನ್ನು ದಾಖಲಿಸುವ ಇಬರ್ಡ್ ಎಂಬ ಆನ್‌ಲೈನ್ ತಾಣದಲ್ಲಿ, ಕಂಡದ್ದೆಲ್ಲವನ್ನೂ ಬರೆದ ಪೂರ್ಣ ಪಟ್ಟಿಗಳು ಇರುವುದರಿಂದ ‘ಕಾಣಲಿಲ್ಲ’ ಎಂಬುದೂ ಮಾಹಿತಿಯಾಗುತ್ತದೆ. ನೀವೂ ಇನ್ನು ಮುಂದೆ ನೋಡಿದ ಪ್ರತಿ ಬೆಳಗನ್ನೂ, ಏನೂ ಕಾಣದ ಬೆಳಗನ್ನೂ ಸೇರಿಸಿ, ಬರೆದಿಡಿ. ಒಂದೇ ಒಂದು ಹಕ್ಕಿ ಕಂಡ ದಿನಕ್ಕಿಂತ ಸತತವಾಗಿ ಕಾಣತೊಡಗಿದ ದಿನವನ್ನು ಆಗಮನವೆಂದು ಹಿಡಿಯಿರಿ.

ಬಳಿಕ ಪ್ರತಿ ಜಾತಿಗೂ ನಿಮ್ಮ ಎಲ್ಲ ವರ್ಷಗಳ ದಿನಾಂಕಗಳನ್ನು ಸಾಲಾಗಿ ಜೋಡಿಸಿ, ನಡುವೆ ಬರುವ ದಿನಾಂಕವನ್ನು ತೆಗೆಯಿರಿ. ಅದೇ ನಿಮ್ಮ ಮೂಲ ಊಹೆ. ಹತ್ತಿರದಿಂದ ಬರುವ ಹಕ್ಕಿಗಳಿಗೆ ಹಿಂದಿನ ಎರಡು ಮೂರು ವಾರಗಳ ಉಷ್ಣತೆ ಮಾಮೂಲಿಗಿಂತ ಎಷ್ಟು ಹೆಚ್ಚು ಕಡಿಮೆ ಇತ್ತು ಎಂಬುದನ್ನು, ನಿಮ್ಮ ಹಿತ್ತಿಲಿನದ್ದಲ್ಲದೆ ಮುನ್ನೂರು ನಾನೂರು ಕಿಲೋಮೀಟರ್ ದಕ್ಷಿಣದ್ದನ್ನು, ಸೇರಿಸಿ ದಿನಾಂಕವನ್ನು ತಿದ್ದಿ. ದೂರದಿಂದ ಬರುವವಕ್ಕೆ ಆ ತಿದ್ದುಪಡಿ ಬೇಡ. ಮಾಮೂಲಿ ವಾರ ಹತ್ತಿರವಾದಾಗ ಒತ್ತಡರೇಖೆಯವರು ಹೇಳಿದ ಗಾಳಿಯ ಮೊದಲ ರಾತ್ರಿಯನ್ನು ಕಾಯಿರಿ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಗಂಡುಗಳು ಮೊದಲು, ಹೆಣ್ಣುಗಳು ಕೆಲವು ದಿನ ತಡವಾಗಿ ಬರುವುದರಿಂದ ಎರಡನ್ನೂ ಬೇರೆಬೇರೆ ಬರೆಯುವುದು ಒಳ್ಳೆಯದು.

ಇಷ್ಟಾದ ಮೇಲೆ ಒಂದು ನಿಷ್ಠುರ ಪರೀಕ್ಷೆ ಮಾಡಿ. ಒಂದು ವರ್ಷದ ದಿನಾಂಕಗಳನ್ನು ಮರೆಮಾಡಿ, ಉಳಿದವುಗಳಿಂದ ಆ ವರ್ಷವನ್ನು ಊಹಿಸಿ. ಹೀಗೆ ಪ್ರತಿ ವರ್ಷಕ್ಕೂ ಮಾಡಿ. ಹವಾಮಾನ ಸೇರಿಸಿದ ಊಹೆಯ ತಪ್ಪು ಬರಿಯ ನಡುವಿನ ದಿನಾಂಕದ ತಪ್ಪಿಗಿಂತ ಕಡಿಮೆಯಾಗದಿದ್ದರೆ, ಆ ಜಾತಿಗೆ ಹವಾಮಾನವನ್ನು ಕೈಬಿಡಿ. ಓರಿಯೋಲ್‌ಗೆ ಬಹುಶಃ ಹಾಗೆಯೇ ಆಗುತ್ತದೆ, ಬ್ಲ್ಯಾಕ್‌ಬರ್ಡ್‌ಗೆ ಆಗಲಾರದು. ಫೀಬಿಗೆ ಏನಾಯಿತೆಂದು ದಯವಿಟ್ಟು ಇಲ್ಲಿಯೇ ತಿಳಿಸಿ, ಏಕೆಂದರೆ ಕೀಟವನ್ನೇ ನಂಬಿಯೂ ಅಷ್ಟು ಬೇಗ ಬರುವ ಆ ಹಕ್ಕಿಯ ವಿಷಯದಲ್ಲಿ ಉಷ್ಣತೆಗೂ ಗಾಳಿಗೂ ಎಷ್ಟೆಷ್ಟು ಪಾಲು ಎಂಬುದರ ಬಗ್ಗೆ ನಮ್ಮ ಮೂವರಲ್ಲಿ ಒಮ್ಮತ ಇರುವಂತೆ ಕಾಣುತ್ತಿಲ್ಲ.