ಸಿಲ್ವರ್ ಓಕ್ ಸೌದೆ: ಮಳೆಗಾಲಕ್ಕೆ ಮುಂಚೆ ಒಣಗಿಸಿ ಜೋಡಿಸುವುದು ಹೇಗೆ?

ತಾತಗುಣಿ_ತೋಟ

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ತಾತಗುಣಿ ಹತ್ತಿರ ನಮ್ಮ ಮನೆ. ಬೇಲಿ ಸಾಲಿನಲ್ಲಿದ್ದ ಸಿಲ್ವರ್ ಓಕ್ ಮರಗಳನ್ನು ಅನುಮತಿ ಪಡೆದು ಈ ಜನವರಿ ಮೊದಲ ವಾರ ಕಡಿಸಿದ್ದೇವೆ. ಬುಡದ ಕಡೆ ಸುಮಾರು 14 ಇಂಚು ದಪ್ಪ ಇವೆ. ಜತೆಗೆ ಹೊಂಗೆಯ ಒಣಕೊಂಬೆಗಳು, ತೆಂಗಿನ ಮಟ್ಟೆ, ಗರಿ, ಚಿಪ್ಪು ಬೇಕಾದಷ್ಟಿವೆ. ದಿಮ್ಮಿಗಳು ಸದ್ಯ ಹಾಗೇ ನೆಲದ ಮೇಲೆ ಬಿದ್ದಿವೆ.

ಬೇಕಿರುವುದು ನಾಲ್ಕು ಜನರ ಸ್ನಾನದ ನೀರಿಗೆ, ತಾಮ್ರದ ಬಾಯ್ಲರ್‌ಗೆ. ತಿಳಿಯಬೇಕಾದದ್ದು ಇಷ್ಟು: ಈಗಲೇ ಸೀಳಬೇಕೋ, ಒಣಗಿದ ಮೇಲೋ? ತುಂಡು ಎಷ್ಟು ಉದ್ದ ಇರಲಿ? ವರ್ಷಕ್ಕೆ ಎಷ್ಟು ಸೌದೆ ಸಾಕು? ಟಾರ್ಪಾಲಿನ್ ಹೊದಿಸಿದರೆ ಸಾಕಾ? ಗೆದ್ದಲಿಗೆ ಏನು ಮಾಡುವುದು? ಮೆಟ್ಟಿಲ ಕೆಳಗೆ ಒಂದು ಗೂಡು ಖಾಲಿ ಇದೆ, ಅಲ್ಲೇ ತುಂಬಿಡಬಹುದಾ?

ಬೆಣೆ_ಸಮ್ಮಟಿಗೆ

ಈಗಲೇ ಸೀಳಿ ಸರ್, ಈ ತಿಂಗಳೊಳಗೆ. ತೊಗಟೆ ಸಮೇತ ಬಿದ್ದಿರುವ ದಿಮ್ಮಿ ವರ್ಷ ಕಳೆದರೂ ಒಳಗೆ ಹಸಿಯಾಗೇ ಇರುತ್ತದೆ. ಮರದೊಳಗಿನ ನೀರು ನಾರಿನ ಉದ್ದಕ್ಕೆ ಸಾಗಿ ಕುಯ್ದ ತುದಿಗಳಿಂದ ಬೇಗ ಆರುತ್ತದೆ. ಪಕ್ಕದಿಂದ ಆರುವುದು ಬಹಳ ನಿಧಾನ, ತೊಗಟೆ ಇದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಮೊದಲು ಗಿಡ್ಡ ತುಂಡು, ಆಮೇಲೆ ಸೀಳು, ಆಮೇಲೆ ಜೋಡಣೆ. ಈ ಸರದಿ ತಪ್ಪಿದರೆ ಮುಂದೆ ಎಷ್ಟು ಚೆನ್ನಾಗಿ ಜೋಡಿಸಿದರೂ ಉಪಯೋಗವಿಲ್ಲ.

ಬೆಂಗಳೂರಿನಲ್ಲಿ ಸೌದೆ ಒಣಗುವ ಕಾಲ ಜನವರಿಯಿಂದ ಏಪ್ರಿಲ್‌ವರೆಗೆ. ಗಾಳಿಯಲ್ಲಿ ತೇವ ಕಡಿಮೆ, ಬಿಸಿಲು ಜೋರು. ಮಾವಿನ ಹೊಯ್ಲು ಒಂದೆರಡು ಬಿದ್ದರೂ ಮೇಲ್ಮೈ ಮಾತ್ರ ನೆನೆದು ಮಾರನೇ ದಿನ ಆರಿಬಿಡುತ್ತದೆ. ಮೇ ತಿಂಗಳಲ್ಲಿ ಗುಡುಗು ಮಳೆ ಹಿಡಿದ ಮೇಲೆ ಅಕ್ಟೋಬರ್ ಕಳೆಯುವವರೆಗೆ ಹಸಿ ಸೌದೆ ಒಣಗುವುದಕ್ಕಿಂತ ಬೂಸ್ಟು ಹಿಡಿಯುವುದೇ ಹೆಚ್ಚು. 4 ಇಂಚಿನೊಳಗೆ ಸೀಳಿದ ಸಿಲ್ವರ್ ಓಕ್‌ಗೆ ಈ ನಾಲ್ಕು ತಿಂಗಳು ಸಾಕು. ಸರ್ವೆ, ನೀಲಗಿರಿ ಆಗಿದ್ದರೆ ಸಾಲದು, ಅವು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ.

ತುಂಡಿನ ಉದ್ದ ನಿಮ್ಮ ಬಾಯ್ಲರ್ ಹೇಳುತ್ತದೆ. ಬೆಂಕಿ ಬಾಯಿಯಿಂದ ಹಿಂದಿನ ಗೋಡೆಗೆ ಅಳತೆ ತೆಗೆದು 2 ಇಂಚು ಕಳೆಯಿರಿ. ಮನೆ ಬಾಯ್ಲರ್‌ಗಳಿಗೆ ಸಾಮಾನ್ಯವಾಗಿ 10ರಿಂದ 12 ಇಂಚು ಬರುತ್ತದೆ. ಉದ್ದ ತುಂಡು ಬಾಯಿಂದ ಹೊರಗೆ ಚಾಚಿಕೊಂಡರೆ ಬಾಗಿಲು ಮುಚ್ಚುವುದಿಲ್ಲ. ತಣ್ಣನೆ ಗಾಳಿ ಹೆಚ್ಚು ನುಗ್ಗಿ ಶಾಖವನ್ನು ಕೊಳವೆಯಿಂದ ಹೊರಗೆ ಎಳೆದುಕೊಂಡು ಹೋಗುತ್ತದೆ, ಉರಿಯುವ ಕೊಳ್ಳಿ ಕೆಳಗೆ ಬೀಳುವ ಅಪಾಯವೂ ಇದೆ. ಒಂದು ಕೋಲನ್ನು ಆ ಅಳತೆಗೆ ಕತ್ತರಿಸಿ ಇಟ್ಟುಕೊಂಡು, ದಿಮ್ಮಿಯ ಉದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಹಾಕಿಯೇ ಕುಯ್ಯಿಸಿ. ಒಂದೇ ಅಳತೆ ಇದ್ದರೆ ಜೋಡಣೆಯೂ ನೆಟ್ಟಗೆ ನಿಲ್ಲುತ್ತದೆ.

ಕುಯ್ಯುವುದಕ್ಕೆ ಚೈನ್‌ಸಾ ಕೊಳ್ಳಬೇಡಿ. ಈ ಪ್ರಮಾಣಕ್ಕೆ ಬಾಡಿಗೆಗೆ ಬಂದು ಕುಯ್ಯುವವರೇ ಸರಿ. ನಿಮ್ಮದೇ ಇದ್ದರೆ ಎರಡು ವಿಷಯ ನೋಡಿಕೊಳ್ಳಿ. ದಿಮ್ಮಿ ನೆಲಕ್ಕೆ ತಾಗಿರುವಾಗ ಪೂರ್ತಿ ಕುಯ್ಯಬಾರದು. ಚೈನು ಮಣ್ಣು ಮುಟ್ಟಿದ ಕ್ಷಣದಲ್ಲೇ ಮೊಂಡಾಗುತ್ತದೆ. ಮುಕ್ಕಾಲು ಭಾಗ ಕುಯ್ದು, ದಿಮ್ಮಿ ಉರುಳಿಸಿ, ಉಳಿದದ್ದನ್ನು ಮೇಲಿನಿಂದ ಕುಯ್ಯಿರಿ. ಎರಡೂ ತುದಿಗೆ ಆಸರೆ ಇದ್ದು ನಡು ತೂಗಾಡುತ್ತಿದ್ದರೆ ಮೇಲಿನಿಂದ ಕುಯ್ಯುವಾಗ ಗಾಯ ಮುಚ್ಚಿಕೊಂಡು ಬ್ಲೇಡು ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ಮೇಲಿನಿಂದ ಮೂರನೇ ಒಂದು ಭಾಗ, ಉಳಿದದ್ದು ಕೆಳಗಿನಿಂದ. ಬ್ಲೇಡಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಯಂತ್ರ ಮುಖದ ಕಡೆಗೆ ಹಾರುತ್ತದೆ. ಚಕ್ಕೆಯ ಬದಲು ನುಣುಪು ಹುಡಿ ಉದುರತೊಡಗಿದರೆ ಚೈನು ಅರ ಹಾಕುವ ಹೊತ್ತಾಗಿದೆ ಎಂದರ್ಥ.

ಸೀಳಲು ಹರಿತವಾದ ತೆಳು ಕೊಡಲಿಗಿಂತ ದಪ್ಪ ಬೆನ್ನಿನ ಕೊಡಲಿ ಒಳ್ಳೆಯದು. ತೆಳುವಾದದ್ದು ಒಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಸೀಳನ್ನು ಅಗಲಿಸುವುದಿಲ್ಲ. ಅಡಿಗೆ ಮೊಣಕಾಲಿಗಿಂತ ಸ್ವಲ್ಪ ತಗ್ಗಾದ ಗಟ್ಟಿ ಕೊರಡು ಇರಲಿ. ಕಲ್ಲಿನ ಮೇಲೆ, ಕಾಂಕ್ರೀಟ್ ಮೇಲೆ ಬೇಡವೇ ಬೇಡ. 14 ಇಂಚಿನ ತುಂಡಿಗೆ ನಡುವೆ ಹೊಡೆದರೆ ಕೊಡಲಿ ಪುಟಿಯುತ್ತದೆ. ಅಂಚಿನಿಂದ 3 ಇಂಚು ಒಳಗೆ ಹೊಡೆದು ಸುತ್ತಲೂ ಹೋಳು ತೆಗೆಯುತ್ತಾ ಬನ್ನಿ, ಕೊನೆಗೆ ತಿರುಳು ಉಳಿಯುತ್ತದೆ. ಗಂಟು ಇದ್ದರೆ ಗಂಟಿನ ಭಾಗ ಕೆಳಗಿರಲಿ. ಕವಲು ಇರುವ ತುಂಡಿಗೆ ಕಬ್ಬಿಣದ ಬೆಣೆ, ಸಮ್ಮಟಿಗೆ. ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡಿ, ಕೂರಲು ಆಗುತ್ತದೆ. ಹಳೇ ಟೈರನ್ನು ಕೊರಡಿನ ಮೇಲಿಟ್ಟು ಅದರೊಳಗೆ ತುಂಡು ನಿಲ್ಲಿಸಿದರೆ ಹೋಳುಗಳು ಕಾಲಿಗೆ ಹಾರುವುದಿಲ್ಲ.

ಸಿಲ್ವರ್ ಓಕ್ ನಾರು ನೇರ, ಹಸಿಯಲ್ಲಿ ಸುಲಭವಾಗಿ ಬಿರಿಯುತ್ತದೆ. ಆದರೆ ಅದರ ಹುಡಿ, ಎಲೆ, ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆಂಪಗೆ ಗುಳ್ಳೆ ಏಳುತ್ತವೆ. ತುಂಬು ತೋಳಿನ ಅಂಗಿ, ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಕೆಲಸ ಮುಗಿದ ಕೂಡಲೇ ಸೋಪಿನಲ್ಲಿ ಕೈ ತೊಳೆಯಿರಿ.

ನೀರೊಲೆ

ಎಷ್ಟು ಸಾಕು ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ. ನಾಲ್ಕು ಜನಕ್ಕೆ 42 ಡಿಗ್ರಿಯ 120 ಲೀಟರ್ ನೀರು ಅಂದುಕೊಳ್ಳಿ. 22 ಡಿಗ್ರಿಯಿಂದ ಮೇಲೆತ್ತಲು ಬೇಕಾದ ಶಾಖ ಸುಮಾರು 10 ಮೆಗಾಜೂಲ್. ಬಾಯ್ಲರ್ ನೀರಿಗೆ ತಲುಪಿಸುವುದು ಉರಿಯ ಕಾಲು ಭಾಗ ಎಂದಿಟ್ಟರೆ 40 ಮೆಗಾಜೂಲ್ ಸುಡಬೇಕು. 15 ಶೇಕಡಾ ತೇವವಿರುವ ಸೌದೆ ಕಿಲೋಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ. ಅಂದರೆ ದಿನಕ್ಕೆ 3 ಕಿಲೋ ಒಳಗೆ. ತೂಕದಲ್ಲಿ 45 ಭಾಗ ನೀರೇ ಇರುವ ಹಸಿ ಸೌದೆ ಕಿಲೋಗೆ 9 ಮೆಗಾಜೂಲ್ ಮಾತ್ರ. ಉರಿಯೂ ಮಂದವಾಗುವುದರಿಂದ ನಿಜದಲ್ಲಿ ಎರಡು ಪಟ್ಟು ಸೌದೆ ಹೋಗುತ್ತದೆ, ಹೊಗೆ ಬೇರೆ.

ದಿನಕ್ಕೆ 3 ಕಿಲೋ ಅಂದರೆ ವರ್ಷಕ್ಕೆ 1,100 ಕಿಲೋ ಒಣ ಸೌದೆ. ಒಣಗಿದ ಸಿಲ್ವರ್ ಓಕ್ ಜೋಡಿಸಿಟ್ಟಾಗ, ಸಂದು ಕಳೆದು, ಒಂದು ಘನ ಮೀಟರಿಗೆ ಸುಮಾರು 350 ಕಿಲೋ ತೂಗುತ್ತದೆ. ಹಾಗಾಗಿ 3 ಘನ ಮೀಟರ್ ಸ್ವಲ್ಪ ಮೇಲೆ. 12 ಇಂಚಿನ ತುಂಡುಗಳಾದರೆ 5 ಅಡಿ ಎತ್ತರ, 11 ಅಡಿ ಉದ್ದದ ಎರಡು ಸಾಲು. 5 ಅಡಿಗಿಂತ ಎತ್ತರ ಬೇಡ; ಒಣಗುತ್ತಾ ಕುಗ್ಗುವಾಗ ಸಾಲು ವಾಲಿ ಬೀಳುತ್ತದೆ, ಮಕ್ಕಳಿರುವ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ.

ಜಾಗ: ಗಾಳಿ ಆಡುವ ಕಡೆ, ಬಿಸಿಲು ಬೀಳುವ ಕಡೆ. ಎರಡರಲ್ಲಿ ಒಂದೇ ಸಿಗುವುದಾದರೆ ಗಾಳಿಯನ್ನೇ ಆರಿಸಿ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯದಿಂದ, ಹಿಂಗಾರಿನದು ಪೂರ್ವ, ಈಶಾನ್ಯದಿಂದ. ಸಾಲಿನ ಉದ್ದದ ಮುಖ ಪೂರ್ವ ಪಶ್ಚಿಮಕ್ಕೆ ಇದ್ದರೆ ವರ್ಷಪೂರ್ತಿ ಗಾಳಿ ಸಂದಿನಲ್ಲಿ ಹಾಯುತ್ತದೆ. ಅದೇ ಕಾರಣಕ್ಕೆ ಎರಚಲೂ ಆ ಎರಡು ಕಡೆಯಿಂದಲೇ ಬರುತ್ತದೆ, ಆದ್ದರಿಂದ ಮಾಡು ಎರಡೂ ಬದಿಗೆ ಒಂದೂವರೆ ಅಡಿ ಚಾಚಿರಬೇಕು. ಎರಡು ಸಾಲಿನ ನಡುವೆ 4 ಇಂಚು, ಗೋಡೆಯಿಂದ 6 ಇಂಚು ಬಿಡಿ.

ಟಾರ್ಪಾಲಿನ್ ಬಗ್ಗೆ: ನೆಲದವರೆಗೆ ಸುತ್ತಿ ಕಟ್ಟಿದರೆ ಸೌದೆಯಿಂದ ಹೊರಟ ತೇವವೇ ಒಳಗೆ ಹನಿಗಟ್ಟಿ ಮತ್ತೆ ಸೌದೆಗೇ ಇಳಿಯುತ್ತದೆ. ಮೂರು ವಾರದಲ್ಲಿ ಬಿಳಿ ಬೂಸ್ಟು ಕಾಣುತ್ತದೆ. ಮೇಲೆ ಮಾತ್ರ ಮುಚ್ಚಬೇಕು, ಬದಿಗಳು ತೆರೆದಿರಬೇಕು. ನಾಲ್ಕು ಕಂಬ, ಇಳಿಜಾರಾಗಿ ಜಿಂಕ್ ಶೀಟು, ಶೀಟಿಗೂ ಸೌದೆಗೂ ನಡುವೆ ಒಂದಡಿ ಅಂತರ. ಏಪ್ರಿಲ್ ಮುಗಿಯುವುದರೊಳಗೆ ಶೀಟು ಹಾಕಿಬಿಡಿ. ಅಲ್ಲಿಯವರೆಗೆ ಬಿಸಿಲಿಗೆ ಬಿಟ್ಟರೂ ನಡೆಯುತ್ತದೆ.

ಗೆದ್ದಲು ಮಣ್ಣಿನಿಂದ ಬರುತ್ತದೆ, ಅದಕ್ಕೆ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುವ ದಾರಿ ಬೇಕು. ಸೈಜುಗಲ್ಲು ಅಥವಾ 8 ಇಂಚಿನ ಸಿಮೆಂಟ್ ಬ್ಲಾಕ್ ಇಟ್ಟು, ಮೇಲೆ ಎರಡು ಸಾಲು ಜಿಐ ಪೈಪು ಅಥವಾ ಚಪ್ಪಡಿ ಹಾಕಿ, ಅದರ ಮೇಲೆ ಸೌದೆ. ಕೆಳಗಿನ ಜಾಗ ಖಾಲಿ, ಗುಡಿಸಿದಂತೆ ಇರಬೇಕು. ತೊಗಟೆ, ಹುಡಿ, ತರಗು ಬಿದ್ದು ಗುಡ್ಡೆಯಾದರೆ ಅದೇ ಏಣಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಕಲ್ಲುಗಳ ಸುತ್ತ ಬಗ್ಗಿ ನೋಡಿ. ಮಣ್ಣಿನ ಗೆರೆ ಮೇಲೇರಿದ್ದರೆ ಕೆರೆದು ಹಾಕಿ. ಸೌದೆ ಮೇಲೆ ಕೀಟನಾಶಕವಾಗಲೀ ಹಳೇ ಎಂಜಿನ್ ಆಯಿಲ್ ಆಗಲೀ ಬಳಿಯಬೇಡಿ. ನಾಳೆ ಅದನ್ನೇ ಸುಟ್ಟು ಅದರ ಹೊಗೆ ಕುಡಿಯುವವರು ನಿಮ್ಮ ಮನೆಯವರೇ.

ತುಂಡಿನಿಂದ ಹಿಟ್ಟಿನಂಥ ನುಣುಪು ಹುಡಿ ಉದುರುತ್ತಿದ್ದರೆ ಅದು ಗೆದ್ದಲಲ್ಲ, ಕೊರೆಹುಳ. ತೊಗಟೆ ಸುಲಿದ ಸೌದೆಗೆ ಅದರ ಕಾಟ ಕಡಿಮೆ. ಹಿಡಿದ ತುಂಡುಗಳನ್ನು ಬೇರೆ ಮಾಡಿ ಮೊದಲು ಸುಟ್ಟುಬಿಡಿ.

ತಾತಗುಣಿ_ತೋಟ

ಇಬ್ಬರಿಗೂ ಧನ್ಯವಾದ, ಬಹಳ ಉಪಯೋಗವಾಯಿತು. ಮೆಟ್ಟಿಲ ಕೆಳಗಿನ ಗೂಡಿನ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಬೇಲಿಯಲ್ಲಿ ಕಣಗಿಲೆ ಕತ್ತರಿಸಿದ್ದು ರಾಶಿ ಇದೆ. ಪುಳ್ಳೆಗೆ ಬಳಸಬಹುದಾ?

ನೀರೊಲೆ

ಕಣಗಿಲೆ ಬೇಡ. ಗಿಡವೆಲ್ಲಾ ವಿಷ, ಹೊಗೆಯೂ ಕೆಟ್ಟದ್ದು. ಹಿತ್ತಲಲ್ಲೂ ಸುಡಬೇಡಿ. ಪುಳ್ಳೆಗೆ ತೆಂಗಿನ ಗರಿ, ಚಿಪ್ಪು ಇದ್ದೇ ಇದೆಯಲ್ಲ. ಎರಡು ಚಿಪ್ಪು, ಒಂದು ಹಿಡಿ ಗರಿ, ಹೆಬ್ಬೆರಳ ದಪ್ಪದ ನಾಲ್ಕು ಸೀಳು ಇಟ್ಟರೆ ಸೀಮೆಎಣ್ಣೆ ಬೇಕಾಗುವುದಿಲ್ಲ.

ಮೆಟ್ಟಿಲ ಕೆಳಗೆ ಹಸಿ ಸೌದೆ ತುಂಬಬೇಡಿ. ಗಾಳಿ ಇಲ್ಲದೆ ಬೂಸ್ಟು ಹಿಡಿಯುತ್ತದೆ, ಅಲ್ಲಿಂದ ಗೆದ್ದಲು ಬಾಗಿಲ ಚೌಕಟ್ಟಿಗೆ ಹತ್ತುತ್ತದೆ. ಬೆಂಕಿ ಬಿದ್ದರೆ ಇಳಿಯುವ ದಾರಿಯೇ ಹೋಯಿತು. ಒಣಗಿದ ಒಂದು ವಾರದ ಸೌದೆಯನ್ನು ಮಳೆಗಾಲದಲ್ಲಿ ಬಾಯ್ಲರಿನಿಂದ 3 ಅಡಿ ದೂರದಲ್ಲಿ, ಮಾಡಿನ ಕೆಳಗೆ ಇಟ್ಟುಕೊಂಡರೆ ಸಾಕು. ದೊಡ್ಡ ರಾಶಿ ಹಿಂಬಾಗಿಲಿಗೆ ಅಂಟಿಕೊಂಡು ಇರದಿರಲಿ. ಇಲಿ ಸೇರುತ್ತದೆ, ಇಲಿ ಹಿಂದೆ ಹಾವು. ತುಂಡು ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಕೈಗವಸು ಹಾಕಿ ತೆಗೆಯಿರಿ. ಚೇಳು ತೊಗಟೆಯ ಅಡಿಯಲ್ಲೇ ಇರುತ್ತದೆ.

ತಾಮ್ರದ_ಕೆಲಸ

ಸೌದೆ ಬಗ್ಗೆ ಹೇಳಬೇಕಾದದ್ದನ್ನು ಅವರಿಬ್ಬರೂ ಹೇಳಿದ್ದಾರೆ. ಬಾಯ್ಲರ್ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಇಲ್ಲೇ.

ತಣ್ಣೀರು ಒಳಹೋದಷ್ಟೇ ಬಿಸಿನೀರು ಹೊರಬರುವ ಮಾದರಿಯಾದರೆ, ಬಿಸಿನೀರು ಹೊರಬರುವ ಕೊಳವೆಗೆ ಯಾವ ಕಾರಣಕ್ಕೂ ನಲ್ಲಿ ಹಾಕಿಸಬೇಡಿ. ಅದು ಸದಾ ತೆರೆದಿರಬೇಕು. ನಲ್ಲಿ ಇರಬೇಕಾದದ್ದು ತಣ್ಣೀರಿನ ಕಡೆ ಮಾತ್ರ. ಎರಡೂ ಕಡೆ ಮುಚ್ಚಿ ಕೆಳಗೆ ಬೆಂಕಿ ಉರಿಯುತ್ತಿದ್ದರೆ ಹಬೆ ಹೋಗಲು ದಾರಿಯಿಲ್ಲದೆ ಸಿಡಿಯುತ್ತದೆ. ಪ್ಲಂಬರ್ ಬಚ್ಚಲಿನ ಮಿಕ್ಸರ್‌ಗೆ ನೇರ ಜೋಡಿಸಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ನೀರು ತುಂಬಿದ ಮೇಲೇ ಬೆಂಕಿ. ಖಾಲಿ ಬಾಯ್ಲರಿಗೆ ಉರಿ ತಾಗಿದರೆ ಬೆಸುಗೆ ಕರಗಿ ಸೋರತೊಡಗುತ್ತದೆ. ಬಾಯ್ಲರ್ ಮುಚ್ಚಿದ ಬಚ್ಚಲು ಮನೆಯೊಳಗೆ ಇರಲೇಬಾರದು. ಹೊಗೆ ನಿಂತು ಕೆಂಡ ಮಾತ್ರ ಉಳಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗೋಡೆಗೆ ಇಟ್ಟು ಕೊಳವೆ ಮಾತ್ರ ಒಳಗೆ ತನ್ನಿ.

ನಡುವಿನ ಹೊಗೆಕೊಳವೆಯನ್ನು ತಿಂಗಳಿಗೊಮ್ಮೆ ಕೋಲಿಗೆ ತೆಂಗಿನ ನಾರು ಕಟ್ಟಿ ಉಜ್ಜಿ. ಒಣ ಸೌದೆಯಾದರೆ ಪುಡಿಯಂಥ ಮಸಿ ಬರುತ್ತದೆ. ಡಾಂಬರಿನಂಥ ಹೊಳೆಯುವ ಜಿಡ್ಡು ಬಂದರೆ ಸೌದೆ ಇನ್ನೂ ಹಸಿ. ಮಸಿ ಶಾಖವನ್ನು ನೀರಿಗೆ ತಲುಪದಂತೆ ತಡೆಯುತ್ತದೆ. ಬೋರ್‌ವೆಲ್ ನೀರಾದರೆ ಒಳಗಿನ ಬದಿಗೆ ಸುಣ್ಣದ ಪೊರೆ ಕಟ್ಟಿ ಅದೂ ತಡೆಯುತ್ತದೆ. ಅದೇ ಸೌದೆಗೆ ನೀರು ಕಾಯುವುದು ವರ್ಷದಿಂದ ವರ್ಷಕ್ಕೆ ತಡವಾಗುತ್ತಿದ್ದರೆ ಈ ಎರಡನ್ನೂ ನೋಡಿ.

ಪೀಣ್ಯ_2ನೇ_ಹಂತ

ನಡುವೆ ಒಂದು ಪ್ರಶ್ನೆ. ನಮ್ಮ ಕಡೆ ಕಾರ್ಖಾನೆಗಳಿಂದ ಹಳೇ ಮರದ ಪ್ಯಾಲೆಟ್ ಅಗ್ಗಕ್ಕೆ ಸಿಗುತ್ತವೆ. ಸೌದೆಯಾಗಿ ಸುಡಬಹುದಾ?

ಬೆಣೆ_ಸಮ್ಮಟಿಗೆ

ಹೊರದೇಶದ ಸರಕಿನ ಜತೆ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆ ಗುರುತಿನ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಅಂದರೆ ಕಾಯಿಸಿ ಶುದ್ಧ ಮಾಡಿದ್ದು, ಸುಡಬಹುದು. ‘ಎಂಬಿ’ ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಯಿಸಿದ್ದು, ಬೇಡ. ಮುದ್ರೆಯೇ ಇಲ್ಲದ್ದು, ಎಣ್ಣೆ ಅಥವಾ ರಾಸಾಯನಿಕ ಚೆಲ್ಲಿದ ಕಲೆ ಇರುವುದು, ಬಣ್ಣ ಬಳಿದದ್ದು ಬೇಡ. ಪ್ಲೈವುಡ್, ಎಂಡಿಎಫ್ ಅಂಟಿನಿಂದ ಮಾಡಿದ್ದು, ಅದನ್ನು ಸುಡಲೇಬಾರದು. ಎಚ್‌ಟಿ ಪ್ಯಾಲೆಟ್‌ನ ಮೊಳೆಗಳನ್ನು ಬೂದಿಯಿಂದ ಅಯಸ್ಕಾಂತ ಹಿಡಿದು ತೆಗೆದುಬಿಡಿ, ಇಲ್ಲದಿದ್ದರೆ ಬೂದಿ ಹಾಕಿದ ಗಿಡದ ಪಾತಿಯಲ್ಲಿ ಕಾಲಿಗೆ ಚುಚ್ಚುತ್ತವೆ.

ತಾತಗುಣಿ_ತೋಟ

ಕೊನೆಯದೊಂದು. ಒಣಗಿದೆ ಅಂತ ತಿಳಿಯಲು ತೇವದ ಮೀಟರ್ ಕೊಳ್ಳಬೇಕಾ?

ಬೆಣೆ_ಸಮ್ಮಟಿಗೆ

ಕೊಂಡರೆ ಎರಡು ಮುಳ್ಳಿನದು ಸಾಕು. ಆದರೆ ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ತುಂಡನ್ನು ಆಗಲೇ ಸೀಳಿ, ಹೊಸ ಮುಖದ ನಡುಭಾಗಕ್ಕೆ ನಾರಿನ ಉದ್ದಕ್ಕೆ ಚುಚ್ಚಿ. 20ರ ಕೆಳಗೆ ಇರಬೇಕು.

ಮೀಟರ್ ಇಲ್ಲದೆಯೂ ಆಗುತ್ತದೆ. ಸಾಲಿನ ಮೇಲಿನಿಂದ, ನಡುವಿನಿಂದ, ಕೆಳಗಿನಿಂದ ಒಂದೊಂದು ತುಂಡು ಆರಿಸಿ, ಬಣ್ಣದ ಗುರುತು ಹಾಕಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ ತೂಕವನ್ನು ತುಂಡಿನ ಮೇಲೇ ಬರೆಯಿರಿ. ವಾರಕ್ಕೊಮ್ಮೆ ಅದೇ ಮೂರನ್ನು ತೂಗಿ ಅದೇ ಜಾಗಕ್ಕೆ ವಾಪಸ್ ಇಡಿ. ಮೊದಲ ವಾರಗಳಲ್ಲಿ ತೂಕ ಸರಸರ ಇಳಿಯುತ್ತದೆ, ಆಮೇಲೆ ನಿಧಾನ. ಕಿಲೋ ತುಂಡು ವಾರಕ್ಕೆ 10 ಗ್ರಾಂ ಕೂಡ ಇಳಿಯದೆ ಎರಡು ವಾರ ನಿಂತರೆ ಒಣಗಿದೆ. ನಡುವಿನ ತುಂಡು ಮಾತ್ರ ಇಳಿಯುತ್ತಲೇ ಇದ್ದರೆ ಸಾಲು ಬಿಗಿಯಾಗಿದೆ, ಬಿಡಿಸಿ ಸಂದು ಬಿಟ್ಟು ಮತ್ತೆ ಜೋಡಿಸಿ. ಜುಲೈ, ಆಗಸ್ಟ್‌ನಲ್ಲಿ ಅದೇ ತುಂಡು ಸ್ವಲ್ಪ ಏರಿದರೆ ಗಾಬರಿಯಾಗಬೇಡಿ, ಗಾಳಿಯ ತೇವ ಅದು, ಉರಿಗೆ ಅಡ್ಡಿಯಾಗುವುದಿಲ್ಲ. 100 ಗ್ರಾಂಗಿಂತ ಹೆಚ್ಚು ಏರಿದ್ದರೆ ಮಾತ್ರ ಶೀಟಿನಲ್ಲಿ ತೂತು ಎಲ್ಲಿದೆ ಹುಡುಕಿ.