ರೇಡಿಯೋ ಜಗಲಿಗೆ ಬಂದಿತ್ತಾ?

ಚಿಕ್ಕಮ್ಮ ನಮ್ಮ ಮನೆಯ ಗುಂಪಿಗೆ ಕಳಿಸಿದ್ದು ಇಷ್ಟೇ: "ಇಂದಿರಾ ಗಾಂಧಿ ತೀರಿಕೊಂಡ ದಿನ ನೀವು ಎಲ್ಲಿದ್ದಿರಿ? ಥಟ್ಟನೆ ನೆನಪಾದರೆ ನಿಮ್ಮ ಮೆದುಳು ಗಟ್ಟಿಯಾಗಿದೆ. ಮರೆವಿನ ಕಾಯಿಲೆ ನಿಮ್ಮ ಹತ್ತಿರ ಸುಳಿಯಲ್ಲ ಅಂತಾರೆ ವಿಜ್ಞಾನಿಗಳು. ಹಿರಿಯರಿಗೆ ತಪ್ಪದೆ ಕಳಿಸಿ." ಕೆಳಗೆ ಸಾಲಾಗಿ ಗುಲಾಬಿ. ಮೇಲೆ, ತುಂಬಾ ಸಲ ಫಾರ್ವರ್ಡ್ ಆಗಿದೆ ಅನ್ನೋ ಜೋಡಿ ಬಾಣ.

ಈಚೆಗೆ ಚಿಕ್ಕಮ್ಮನಿಗೆ ಕನ್ನಡಕ ಎಲ್ಲಿಟ್ಟೆ ಅನ್ನೋದು ನೆನಪಿರಲ್ಲ. ಅದೇ ಚಿಂತೆ. ಇಂದಿರಾ ಗಾಂಧಿ ನೆನಪಿದ್ದಾರಲ್ಲ, ಸದ್ಯ ಬಚಾವ್ ಅಂದುಕೊಂಡು ಕಳಿಸಿರಬೇಕು. ಮಿಕ್ಕವರೂ ಪ್ರಶ್ನೆ ಒಂದನ್ನೇ ನೋಡಿದರು. ಉತ್ತರ ಶುರುವಾಯಿತು.

ಮೊದಲು ದೊಡ್ಡಪ್ಪ. ಅವರು ಟೈಪ್ ಮಾಡುವುದಿಲ್ಲ. ಮೈಕ್ ಒತ್ತಿ ಮಾತಾಡುತ್ತಾರೆ, ಫೋನು ಬರೆದುಕೊಳ್ಳುತ್ತದೆ. ಹಾಗಾಗಿ ಅವರ ಮೆಸೇಜಿನಲ್ಲಿ ಉಸಿರು ತಗೊಳ್ಳೋಕೆ ಜಾಗ ಇರುವುದಿಲ್ಲ. "1984 ಅಕ್ಟೋಬರ್ 31 ಬೆಳಿಗ್ಗೆ 10 ಗಂಟೆ ನಾನೇ ರೇಡಿಯೋ ಜಗಲಿಗೆ ತಂದಿಟ್ಟೆ ಬೀದಿಯವರೆಲ್ಲ ಸೇರಿದರು ಆಕಾಶವಾಣಿಯಲ್ಲಿ ಪ್ರಧಾನಿ ಇನ್ನಿಲ್ಲ ಅಂದರು ಅಮ್ಮನಿಗೆ ನಾನೇ ಹೇಳಿದೆ ಆವತ್ತು ಬೀದಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ ಇಡೀ ದೇಶ ಒಂದಾಗಿ ಅತ್ತಿತು ಈಗಿನ ಹುಡುಗರಿಗೆ ಇದೆಲ್ಲ ಎಲ್ಲಿ ಅರ್ಥ ಆಗಬೇಕು ಮೊಬೈಲ್ ಒಂದಿದ್ದರೆ ಸಾಕು"

ಕೈ ಮುಗಿದ ಗುರುತುಗಳು ಬಿದ್ದವು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಭಾವ ಆನ್‌ಲೈನ್ ಇದ್ದರು.

ಭಾವ ಅಂದರೆ ದೊಡ್ಡಪ್ಪನ ಅಳಿಯ. ಗುಂಪಿನಲ್ಲಿ ಏನು ಬಿದ್ದರೂ "ಎಲ್ಲಿ ಬಂದಿದೆ, ಯಾರು ಹೇಳಿದ್ದು" ಅಂತ ಕೇಳುವವರು ಅವರೊಬ್ಬರೇ. ಈ ಸಲವೂ ಕೇಳಿದರು. ಆಮೇಲೆ ಮಾವನ ಕಡೆ ತಿರುಗಿದರು. "ತಪ್ಪು ತಿಳೀಬೇಡಿ ಮಾವ. ಗುಂಡು ಹಾರಿದ್ದೇ ಬೆಳಿಗ್ಗೆ 9.20ರ ಸುಮಾರಿಗೆ. ಏಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು ಅಂತ ಘೋಷಿಸಿದ್ದು ಮಧ್ಯಾಹ್ನ 2.20ಕ್ಕೆ. ಬಿಬಿಸಿ ಮೊದಲು ಹೇಳಿತು. ಆಕಾಶವಾಣಿ ಸಾವಿನ ಸುದ್ದಿ ಕೊಟ್ಟಿದ್ದು ಸಂಜೆ 6ಕ್ಕೆ. ಬೆಳಿಗ್ಗೆ 10ಕ್ಕೆ ನೀವು ಅದನ್ನ ಕೇಳಿರೋಕೆ ಆಗಲ್ಲ."

"ಕಿವಿಯಾರೆ ಕೇಳಿದ್ದೇನೆ ಅಳಿಯಂದಿರೇ ಆಗ ನಿಮಗೆ 12 ವರ್ಷ"

ಇದಕ್ಕೆ ಭಾವ ಬರೆದ ಮೆಸೇಜು ಎಷ್ಟು ಉದ್ದ ಇತ್ತೆಂದರೆ ‘ಇನ್ನಷ್ಟು ಓದಿ’ ಒತ್ತಬೇಕಿತ್ತು. ಒತ್ತಿದವಳು ನಾನೊಬ್ಬಳೇ ಅಂತ ಕಾಣುತ್ತದೆ. ಪಾಪ, ಅದರಲ್ಲಿ ಸರಕಿತ್ತು. 1986ರ ಜನವರಿ 28ಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದು ಏಳು ಜನ ಸತ್ತರು. ಉಲ್ರಿಕ್ ನೈಸರ್ ಅನ್ನೋ ಮನಶ್ಶಾಸ್ತ್ರಜ್ಞ ಮರುದಿನ ಬೆಳಿಗ್ಗೆಯೇ ಎಮರಿ ವಿಶ್ವವಿದ್ಯಾಲಯದ ಹುಡುಗರ ಕೈಲಿ ಬರೆಸಿಟ್ಟುಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದೆ, ಯಾರ ಜೊತೆ, ಯಾರು ಹೇಳಿದರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲೇ 44 ಜನರನ್ನ ಮತ್ತೆ ಕೇಳಿದರು. ಕಾಲು ಭಾಗ ಜನರ ಉತ್ತರ ಪೂರ್ತಿ ತಪ್ಪು. ತಮಾಷೆ ಅಂದರೆ ತಪ್ಪು ಹೇಳಿದವರಿಗೂ ಅಪಾರ ನಂಬಿಕೆ. ಅವರದೇ ಕೈಬರಹ ತೋರಿಸಿದರೂ ಕೆಲವರು ಒಪ್ಪಲಿಲ್ಲ. ನೈಸರ್ ಕಥೆಯೂ ಅಷ್ಟೇ. 1941ರಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಸುದ್ದಿ ಬಂದಾಗ ತಾನು ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದೆ ಅಂತ ವರ್ಷಗಟ್ಟಲೆ ನಂಬಿದ್ದರು. ದಾಳಿ ನಡೆದದ್ದು ಡಿಸೆಂಬರ್ 7. ಆಟದ ಕಾಲವೇ ಮುಗಿದಿರೋ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಎಲ್ಲಿಂದ ಬರಬೇಕು?

ಅಂದರೆ ಚಿಕ್ಕಮ್ಮನ ಫಾರ್ವರ್ಡ್ ಅಲ್ಲೇ ಬಿದ್ದುಹೋಯಿತು. ಥಟ್ಟನೆ ನೆನಪಾಗೋದಕ್ಕೂ ಆ ನೆನಪು ಸರಿ ಇರೋದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಇನ್ನು ಮೆದುಳು ಗಟ್ಟಿ ಇದೆ ಅಂತ ಅದರಿಂದ ಹೇಗೆ ಹೇಳ್ತಾರೆ? ಇದನ್ನ ಯಾರಾದರೂ ಚರ್ಚೆ ಮಾಡಿದರಾ ಅಂದರೆ, ಇಲ್ಲ.

"ಹಾಗಾದ್ರೆ ನನಗೆ ಮರೆವಿನ ಕಾಯಿಲೆ ಬರುತ್ತೆ ಅಂತನಾ ನೀವು ಹೇಳ್ತಿರೋದು?" ಅಂತ ಚಿಕ್ಕಮ್ಮ. "ನೀವು ಈ ಮನೆಗೆ ಬಂದಿದ್ದು 2001ರಲ್ಲಿ. ಅದಕ್ಕೂ ಮುಂಚಿನ ನಮ್ಮ ನೆನಪಿಗೆ ನಿಮ್ಮ ಸೀಲು ಬೇಕಾ?"

"ಅಪ್ಪನಿಗೆ ಬಿಪಿ ಇದೆ, ಸುಮ್ನಿರಿ" ಅಂತ ಅಕ್ಕ. ಗಂಡನಿಗೆ ಮಾತ್ರ ಹೋಗಬೇಕಿದ್ದದ್ದು ಗುಂಪಿಗೇ ಬಂತು.

ಅಷ್ಟರಲ್ಲಿ ದುಬೈನಲ್ಲಿರುವ ಅಣ್ಣ ಎದ್ದ. "ಅದೆಲ್ಲ ಬಿಡಿ. ರಾಜೀವ್ ಗಾಂಧಿ ಹೋದಾಗ ನಮ್ಮ ಶಾಲೆಯಲ್ಲಿ ಬೆಲ್ ಹೊಡೆದು ರಜೆ ಕೊಟ್ಟರು. ಗದ್ದೆ ಬದುವಿನ ಮೇಲೆ ಓಡಿಕೊಂಡು ಬಂದೆವು. ಅಜ್ಜಿ ಮಾವಿನಕಾಯಿ ಚಿತ್ರಾನ್ನ ಕಲಸಿಟ್ಟಿದ್ದರು." ಆಮೇಲೆ ಬರೀ ಚಿತ್ರಾನ್ನ. ಒಬ್ಬರಿಗೆ ಅಜ್ಜಿ ಹಾಕುತ್ತಿದ್ದ ಮೆಂತ್ಯದ ಪುಡಿ ನೆನಪು, ಇನ್ನೊಬ್ಬರಿಗೆ ಕೈತುತ್ತು. ಭಾವ ಅದಕ್ಕೂ ಬಂದರು. "1991 ಮೇ 21. ಬೇಸಿಗೆ ರಜೆ. ಅದೂ ರಾತ್ರಿ 10 ಗಂಟೆ ದಾಟಿದ ಮೇಲೆ, ಶ್ರೀಪೆರಂಬುದೂರಿನಲ್ಲಿ. ಯಾವ ಶಾಲೆ, ಯಾವ ಬೆಲ್ಲು?"

"ಚಿತ್ರಾನ್ನ ಮಾತ್ರ ನಿಜ ಭಾವ" ಅಂದ ಅಣ್ಣ. ನನಗೆ ಇದು ಇಡೀ ದಿನದ ಪ್ರಾಮಾಣಿಕ ಮಾತು ಅನ್ನಿಸಿತು. ಮೇ ತಿಂಗಳು, ಮಾವಿನಕಾಯಿ ಇದ್ದೇ ಇರುತ್ತದೆ ಅಲ್ವಾ.

ಗುಂಪಿನಲ್ಲಿ ಬಾಯಿ ಬಿಡದವರು ನಮ್ಮ ಅತ್ತೆ, ದೊಡ್ಡಪ್ಪನ ಕೊನೆಯ ತಂಗಿ. ಹುಟ್ಟುಹಬ್ಬಕ್ಕೆ ಒಂದು ಕೇಕಿನ ಗುರುತು ಹಾಕಿದರೆ ಹೆಚ್ಚು. ಅವರು ಬರೆದರು: "ಅಣ್ಣಾ, ಅವತ್ತು ಬುಧವಾರ. ನೀನು ಆಫೀಸಿಗೆ ಹೋಗಿದ್ದೆ. ಬಂದಿದ್ದು ಕತ್ತಲಾದ ಮೇಲೆ. ಅಮ್ಮನಿಗೆ ಹೇಳಿದ್ದು ನಾನು."

ಮಾರನೆಯ ದಿನ ನವೆಂಬರ್ 1, ರಾಜ್ಯೋತ್ಸವ. ಶಾಲೆಯಲ್ಲಿ ನೃತ್ಯದ ಕೊನೆಯ ಅಭ್ಯಾಸ ನಡೆದಿತ್ತಂತೆ. ಹಳದಿ ಲಂಗ, ಕೆಂಪು ರವಿಕೆ. ಹೆಡ್ಮಾಸ್ಟರು ಬಂದು ಹಾರ್ಮೋನಿಯಂ ಮೇಲೆ ಕೈಯಿಟ್ಟು ನಿಲ್ಲಿಸಿದರು, ಎಲ್ಲರೂ ಮನೆಗೆ ಹೋಗಿ ಅಂದರು. ಅತ್ತೆ ಕಾಲಲ್ಲಿ ಗೆಜ್ಜೆ ಇಟ್ಟುಕೊಂಡೇ ಓಡಿ ಬಂದು ಹೇಳಿದರು. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಮೊದಲು ಗೆಜ್ಜೆ ಬಿಚ್ಚು" ಅಂದರು. ಸ್ವಲ್ಪ ಹೊತ್ತು ಬಿಟ್ಟು "ಮಗ ಹತ್ತಿರ ಇದ್ದನಂತಾ?" ಅಂತ ಕೇಳಿದರು.

ರಾಜೀವ್ ಗಾಂಧಿ ಆ ಹೊತ್ತಿಗೆ ಪಶ್ಚಿಮ ಬಂಗಾಳದಲ್ಲಿ ಪ್ರವಾಸದಲ್ಲಿದ್ದರು ಅಂತ ಭಾವ ಸೇರಿಸಿದರು. ಈ ಕಥೆಗೆ ಮಾತ್ರ ಅವರು ಆಧಾರ ಕೇಳಲಿಲ್ಲ.

"ನೀನಾಗ ಚಿಕ್ಕವಳು ನಿನಗೇನು ಗೊತ್ತು" ಅಂದರು ದೊಡ್ಡಪ್ಪ.

"ಚಿಕ್ಕವಳು ಅಂತಾನೇ ಪಾಲಾಗುವಾಗಲೂ ನನ್ನನ್ನ ಒಂದು ಮಾತು ಕೇಳಲಿಲ್ಲ. ಅಪ್ಪನ ರೇಡಿಯೋ ಈಗ ಯಾರ ಮನೇಲಿದೆ?"

ಅಂತೂ ಬಂತು. ಎಲ್ಲಿಂದ ಹೊರಟರೂ ನಮ್ಮ ಗುಂಪು ಹೋಗಿ ಮುಟ್ಟುವುದು ಪಾಲಿಗೇ. ಅವತ್ತು ಏನಾಯಿತು ಅನ್ನೋದು ಯಾರಿಗೂ ಬೇಕಿರಲಿಲ್ಲ. ಅಜ್ಜಿಯ ಮುಂದೆ ನಿಂತು ಸುದ್ದಿ ಹೇಳಿದ್ದು ಯಾರು ಅನ್ನೋದಷ್ಟೇ ಬೇಕಿತ್ತು. ಅದನ್ನೂ ಒಬ್ಬರಿಗೆ ಬರೆದುಕೊಟ್ಟುಬಿಡಬೇಕು, ತೋಟದ ಥರ.

ಇದರ ಮಧ್ಯೆ ದೆಹಲಿಯಲ್ಲಿ ಕೆಲಸದಲ್ಲಿರುವ ತಂಗಿ ಬರೆದಳು. "ದೊಡ್ಡಪ್ಪ, ದೇಶ ಒಂದಾಗಿ ಅಳಲಿಲ್ಲ. ನನ್ನ ಕೆಳಗಿನ ಮನೆಯಲ್ಲಿ ಸಿಖ್ ಅಜ್ಜಿ ಒಬ್ಬರಿದ್ದಾರೆ. ಗಂಡನ ಕೂದಲನ್ನ ಅಡುಗೆಮನೆ ಕತ್ತರಿಯಲ್ಲಿ ತಾವೇ ಕತ್ತರಿಸಿ, ಪಕ್ಕದ ಮನೆಯವರ ಮಂಚದ ಕೆಳಗೆ ಅಡಗಿಸಿದ್ದರಂತೆ. ಇಂದಿರಾ ಗಾಂಧಿಯನ್ನ ಕೊಂದ ಅಂಗರಕ್ಷಕರು ಸಿಖ್ಖರು ಅನ್ನೋ ಸಿಟ್ಟಿಗೆ ದೆಹಲಿ ಒಂದರಲ್ಲೇ 2,733 ಜನರನ್ನ ಕೊಂದರು ಅಂತ ಸರ್ಕಾರದ್ದೇ ಲೆಕ್ಕ ಇದೆ. ಆ ಅಜ್ಜಿಯನ್ನ ಅವತ್ತು ಎಲ್ಲಿದ್ರಿ ಅಂತ ಕೇಳೋಕೇ ಭಯ."

ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಯಾರಾದರೂ ಒಂದು ಸಾಲು ಬರೆಯಬಹುದಿತ್ತು. ಗಂಟೆಯ ಮೇಲೆ ದೊಡ್ಡಪ್ಪನ ಮೆಸೇಜು ಬಂದಾಗ ಸದ್ಯ ಅಂದುಕೊಂಡೆ. ಅದು ಹೀಗಿತ್ತು: "ಅದು ಬೇರೆ ವಿಷಯ ರೇಡಿಯೋ ಅಟ್ಟದ ಮೇಲಿದೆ ಬೇಕಾದವರು ಬಂದು ತಗೊಂಡು ಹೋಗಬಹುದು ಬರುವಾಗ ನಾಲ್ಕು ಸೆಲ್ ತನ್ನಿ"

"ಅದಕ್ಕೆ ಸೆಲ್ ಯಾವಾಗ ಹಾಕ್ತಿದ್ವಿ ಅಣ್ಣಾ?" ಅಂದರು ಅತ್ತೆ. "ಅದು ಕರೆಂಟಿನ ರೇಡಿಯೋ. ನಡುಮನೆ ಗೋಡೆಗೆ ಹಲಗೆ ಹೊಡೆದು ಇಟ್ಟಿದ್ರು. ಸೆಲ್ ಇದ್ದದ್ದು ಅಪ್ಪನ ಟಾರ್ಚಿಗೆ."

ಇದು ಸಣ್ಣ ಮಾತಲ್ಲ. ಕರೆಂಟಿನದಾದರೆ ರೇಡಿಯೋ ಜಗಲಿಗೆ ಬರುವುದು ಹೇಗೆ? ಭಾವ ತಕ್ಷಣ ಹಿಡಿದರು. "ಮಾವ, ಒಂದು ಫೋಟೋ ಹಾಕಿಬಿಡಿ. ಹಿಂದುಗಡೆದು."

"ವೈರು ಉದ್ದ ಇತ್ತು" ಅಂದರು ದೊಡ್ಡಪ್ಪ.

ಭಾವ ಟೈಪ್ ಮಾಡುತ್ತಿದ್ದಾರೆ ಅಂತ ಸುಮಾರು ಹೊತ್ತು ತೋರಿಸಿತು. ಆಮೇಲೆ ನಿಂತಿತು. ಅಕ್ಕ ಫೋನು ಕಿತ್ತುಕೊಂಡಿರಬೇಕು.