ಲೋಡ್ ಕೊಟ್ಟಾಗ 5.1 ವೋಲ್ಟ್ ಝೀನರ್ 4.6ಕ್ಕೆ ಇಳಿಯುವುದೇಕೆ?

ಬದಿಯಡ್ಕ ತೋಟ:
ಅಡಿಕೆ ತೋಟದ ಟ್ಯಾಂಕಿಯ ನೀರಿನ ಮಟ್ಟ ತೋರಿಸುವ ಸರ್ಕ್ಯೂಟಿಗೆ 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಬೇಕು. 220 ಓಮ್ ರೆಸಿಸ್ಟರ್, 1ಎನ್4733ಎ ಝೀನರ್ (ವೋಲ್ಟೇಜನ್ನು 5.1ರ ಆಸುಪಾಸಿನಲ್ಲಿ ಹಿಡಿದಿಡುವ ಡಯೋಡ್) ಹಾಕಿದ್ದೇನೆ. ಲೋಡ್ ಇಲ್ಲದಾಗ 5.0, 28 ಮಿಲಿಆಂಪ್ ಎಳೆದರೆ 4.6. ಝೀನರ್ ಹಾಳೇ ಅಣ್ಣಂದಿರೇ?

ಕುಂಬಳೆ ಸೋಲ್ಡರ್:
ಹಾಳಲ್ಲ ಮಾರಾಯ್ರೆ. 5.1 ಎಂಬುದು 49 ಮಿಲಿಆಂಪಿನಲ್ಲಿ ಅಳೆದ ವೋಲ್ಟೇಜ್. ಅಲ್ಲಿ ಡೈನಮಿಕ್ ರೆಸಿಸ್ಟೆನ್ಸ್ (ಕರೆಂಟ್ ಬದಲಾದಾಗ ವೋಲ್ಟೇಜ್ ಎಷ್ಟು ಸರಿಯುತ್ತದೆ ಎಂಬ ಅಳತೆ) ಹೆಚ್ಚೆಂದರೆ 7 ಓಮ್, 1 ಮಿಲಿಆಂಪಿನಲ್ಲಾದರೆ 550ರವರೆಗೂ ಹೋಗಬಹುದು. ನಿಮ್ಮ 220 ಓಮ್ ಕೊಡುವುದೇ ಸುಮಾರು 33 ಮಿಲಿಆಂಪ್. ಅದರಲ್ಲಿ 28 ಲೋಡಿಗೆ ಹೋದರೆ ಝೀನರಿಗೆ ಉಳಿಯುವುದು ಐದಾರು ಮಾತ್ರ. ಕರ್ವಿನ ಮೊಣಕಾಲಿನ, ಅಂದರೆ ಕರೆಂಟ್ ಕಡಿಮೆಯಾಗಿ ವೋಲ್ಟೇಜ್ ಕುಸಿಯತೊಡಗುವ ತಿರುವಿನ, ಹತ್ತಿರ ಬಂದಿರಿ, ವೋಲ್ಟೇಜ್ ಜಾರಿತು.

100 ಓಮ್, 2 ವ್ಯಾಟ್ ಹಾಕಿ. ಲೋಡ್ ಇದ್ದಾಗಲೂ ಝೀನರಿಗೆ 40ರಷ್ಟು ಸಿಗುತ್ತದೆ.

ಮಂಜೇಶ್ವರ ಮೀಟರ್:
100 ಓಮಿಗೆ ಒಂದು ತೊಂದರೆ ಇದೆ. ಚಾರ್ಜ್ ಆಗುವಾಗ ಬ್ಯಾಟರಿ 14.4 ಮುಟ್ಟುತ್ತದೆ. ಝೀನರಿನ 7 ಓಮ್, ರೆಸಿಸ್ಟರಿನ 100 ಓಮ್ ಲೆಕ್ಕದಲ್ಲಿ ಆ 2.4 ವೋಲ್ಟ್ ಏರಿಕೆಯ 7/107 ಭಾಗ, ಅಂದರೆ 0.16 ವೋಲ್ಟ್, ಔಟ್‌ಪುಟ್ಟಿಗೆ ಬರುತ್ತದೆ. ಝೀನರ್ ಬಿಸಿಯಾದರೆ ರೀಡಿಂಗ್ ಇನ್ನೂ ಸ್ವಲ್ಪ ಸರಿಯುತ್ತದೆ. ಸೆನ್ಸರಿನ ರೆಫರೆನ್ಸಿಗೆ (ಹೋಲಿಸಲು ಬೇಕಾದ ಸ್ಥಿರ ವೋಲ್ಟೇಜಿಗೆ) ಇದು ಸಾಲದು.

ಝೀನರಿನ ಬದಲು ಟಿಎಲ್431 (ಝೀನರಿನಂತೆಯೇ ಕೆಲಸ ಮಾಡುವ ಮೂರು ಕಾಲಿನ ಐಸಿ) ಬಳಸಿ, ಅದರ ಡೈನಮಿಕ್ ರೆಸಿಸ್ಟೆನ್ಸ್ ಸುಮಾರು 0.2 ಓಮ್ ಅಷ್ಟೇ. ಸೀರೀಸಿಗೆ 150 ಓಮ್ 1 ವ್ಯಾಟ್. ಔಟ್‌ಪುಟ್ಟಿನಿಂದ ರೆಫರೆನ್ಸ್ ಕಾಲಿಗೊಂದು, ಅಲ್ಲಿಂದ ಗ್ರೌಂಡಿಗೊಂದು 2.2 ಕಿಲೋಓಮ್. ಔಟ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ ಹಾಕಲೇಬೇಡಿ, ಆಸಿಲೇಟ್ ಆಗಬಹುದು, ಅಂದರೆ ವೋಲ್ಟೇಜ್ ನಿಲ್ಲದೆ ಏರಿಳಿಯಬಹುದು.

ಬದಿಯಡ್ಕ ತೋಟ:
ಝೀನರ್ ಕಾಲುಗಳ ಜಾಗದಲ್ಲೇ ಕೂರಿಸಬಹುದೇ?

ಮಂಜೇಶ್ವರ ಮೀಟರ್:
ಹೌದು, ಕ್ಯಾಥೋಡ್ ಔಟ್‌ಪುಟ್ಟಿಗೆ, ಆನೋಡ್ ಗ್ರೌಂಡಿಗೆ. ಕಾಲುಗಳ ಕ್ರಮವನ್ನು ಡೇಟಾಶೀಟಿನಲ್ಲಿ ನೋಡಿಯೇ ಬೆಸುಗೆ ಹಾಕಿ.